ನಾಲ್ಕು ಸಾಲಿನ ಒಡಪು

ಕುಕ್ಕರಿನ ಸೀಟಿ ಎಣಿಸುವ ಕೆಲಸವನ್ನು ನಮ್ಮ ಮನೆಯಲ್ಲಿ ನನ್ನಿಂದ ಕಿತ್ತುಕೊಂಡು ಒಂದು ವರ್ಷದ ಮೇಲಾಯಿತು. ಅದೇನೂ ಕಠಿಣವಾದ ವಿದ್ಯೆಯಲ್ಲ. ಅನ್ನಕ್ಕೆ ಮೂರು, ಬೇಳೆಗೆ ನಾಲ್ಕು, ಅಷ್ಟೇ. ಕಚೇರಿಯಲ್ಲಿ ಇಪ್ಪತ್ತೊಂಬತ್ತು ವರ್ಷಗಳಿಂದ ಫೈಲುಗಳ ಪುಟ ಎಣಿಸಿ ಮೂಲೆಯಲ್ಲಿ ಅಂಕಿ ಹಾಕುತ್ತ ಬಂದ ನನಗೆ ಇದು ಭಾರವಾಗಬಾರದಿತ್ತು. ಆದರೆ ಎರಡನೆಯ ಸೀಟಿಗೂ ಮೂರನೆಯ ಸೀಟಿಗೂ ನಡುವೆ ಸ್ವಲ್ಪ ಬಿಡುವು ಇರುತ್ತದೆ ನೋಡಿ, ಆ ಬಿಡುವಿನಲ್ಲಿ ನಾನು ಫೋನು ತೆಗೆಯುತ್ತಿದ್ದೆ. ಆಮೇಲೆ ಬಂದ ಸೀಟಿಗಳು ಅಡಿಗೆಮನೆಯವೋ ವಿಡಿಯೋದವೋ ತಿಳಿಯುತ್ತಿರಲಿಲ್ಲ. ಒಂದು ಬೆಳಿಗ್ಗೆ ತೊಗರಿಬೇಳೆ ಕುಕ್ಕರಿನ ತಳದಿಂದ ಕರಿಯ ಬಿಲ್ಲೆಯಾಗಿ ಎದ್ದು ಬಂತು. ನನ್ನ ಹೆಂಡತಿ ಕಸ್ತೂರಿ ಅದನ್ನು ತಾಟಿನಲ್ಲಿಟ್ಟು ನನ್ನೆದುರು ತಂದು ತೋರಿಸಿದಳು. ಮರುದಿನದಿಂದ ಎಣಿಕೆಯ ಖಾತೆ ಅವಳ ಕೈಗೆ ಹೋಯಿತು.

ನಾನು ಮೊದಲಿನಿಂದ ಹೀಗಿದ್ದವನಲ್ಲ ಎಂದು ಹೇಳಿಕೊಳ್ಳುವುದು ಈಗ ನನಗೆ ಬಹಳ ಮುಖ್ಯವಾಗಿದೆ. ಮೂಡಲಗಿಯಲ್ಲಿ ಹುಡುಗನಾಗಿದ್ದಾಗ ಬಯಲಾಟವನ್ನು ಮೊದಲ ಪದದಿಂದ ಮಂಗಳಾರತಿಯವರೆಗೆ ಕೂತಲ್ಲಿಂದ ಏಳದೆ ನೋಡಿದವನು ನಾನು. ಪತ್ರಿಕೆಯನ್ನು ಮೇಲಿನ ಹೆಸರಿನಿಂದ ಹಿಡಿದು ಕೊನೆಯ ಪುಟದ ಅಡಿಯಲ್ಲಿ ಇರುವೆಯಂಥ ಅಕ್ಷರದಲ್ಲಿ ಅಚ್ಚಾಗುವ ಮುದ್ರಣಾಲಯದ ವಿಳಾಸದವರೆಗೆ ಓದುತ್ತಿದ್ದೆ. ಈಗ ಎರಡು ನಿಮಿಷದ ವಿಡಿಯೋ ಕೂಡ ನನಗೆ ಉದ್ದವೆನಿಸುತ್ತದೆ. ಹೆಬ್ಬೆರಳಿಗೆ ತನ್ನದೇ ಒಂದು ಬುದ್ಧಿ ಬಂದುಬಿಟ್ಟಿದೆ. ಹೋದ ಸಲ ನಮ್ಮ ಕಚೇರಿಯಲ್ಲಿ ಒಬ್ಬರು ನಿವೃತ್ತರಾದಾಗ ಸಾಹೇಬರು ಅವರ ಗುಣಗಳನ್ನು ಒಂದೊಂದಾಗಿ ಹೇಳುತ್ತಿದ್ದರು. ಎರಡನೆಯ ಗುಣಕ್ಕೆ ಬರುವಷ್ಟರಲ್ಲಿ ನನ್ನ ಹೆಬ್ಬೆರಳು ತೊಡೆಯ ಮೇಲೆ ಸಾಹೇಬರನ್ನು ಮೆಲ್ಲಗೆ ಮೇಲಕ್ಕೆ ನೂಕುತ್ತಿರುವುದನ್ನು ನಾನೇ ಕಂಡೆ. ಸಾಹೇಬರು ಸರಿಯಲಿಲ್ಲ. ಒಂಬತ್ತು ಗುಣಗಳನ್ನೂ ಹೇಳಿಯೇ ಕೂತರು.

ಇದೆಲ್ಲ ನನ್ನೊಬ್ಬನ ಪಾಡಾಗಿದ್ದರೆ ಬರೆಯುವ ಅಗತ್ಯವಿರಲಿಲ್ಲ. ತೊಂದರೆ ಬಂದದ್ದು ಕಸ್ತೂರಿಯ ಮಾತಿನ ವಿಷಯದಲ್ಲಿ. ನಾವಿಬ್ಬರೂ ಗೋಕಾಕದಲ್ಲಿ ಸಂಸಾರ ಹೂಡಿ ಇಪ್ಪತ್ತೇಳು ವರ್ಷ. ನಾನು ದಿನಾ ಬಸ್ಸಿನಲ್ಲಿ ಮೂಡಲಗಿಗೆ ನೌಕರಿಗೆ ಹೋಗಿ ಸಂಜೆ ಬರುತ್ತೇನೆ. ಬಂದು ಕಾಲು ತೊಳೆದು ಅಡಿಗೆಮನೆಯ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತರೆ ಅವಳು ರೊಟ್ಟಿ ಬಡಿಯುತ್ತ ಆ ದಿನದ ವರದಿ ಒಪ್ಪಿಸಬೇಕು. ನಮ್ಮ ಓಣಿಯಲ್ಲಿ ಯಾರ ಮನೆಗೆ ಯಾರು ಬಂದರು, ಎಷ್ಟು ಹೊತ್ತು ಕೂತರು, ಹೋಗುವಾಗ ಮುಖ ಹೇಗಿತ್ತು ಎಂಬುದೆಲ್ಲ ಅದರಲ್ಲಿ ಇರುತ್ತಿತ್ತು. ಅವಳು ಹೇಳುವ ರೀತಿಯೂ ಚೆನ್ನ. ಜಗಳವನ್ನು ಹೇಳುವಾಗ ಇಬ್ಬರ ದನಿಯನ್ನೂ ತಾನೇ ತೆಗೆಯುತ್ತಾಳೆ, ರೊಟ್ಟಿಯ ಮೇಲೆ ಏಟು ಬೀಳುವುದು ಜಗಳದ ಲಯಕ್ಕೇ. ನಾನು ಕೇಳಿ ನಗುತ್ತಿದ್ದೆ, ನಡುವೆ ಪ್ರಶ್ನೆ ಹಾಕುತ್ತಿದ್ದೆ. ಮೊದಮೊದಲು ಫೋನು ಜೇಬಿನಲ್ಲಿ ಇರುತ್ತಿತ್ತು. ಆಮೇಲೆ ಅಂಗೈಗೆ ಬಂತು. ಪ್ರಶ್ನೆಗಳು ಹೋಗಿ ಬರೀ ‘ಹೂಂ’ ಉಳಿಯಿತು. ಹೂಂ ಎನ್ನುವುದಕ್ಕೆ ಕಿವಿಯೇ ಬೇಕಿಲ್ಲವೆಂದು ನಾನು ಬೇಗ ಕಂಡುಕೊಂಡೆ. ಅವಳ ಮಾತು ನಿಂತ ಕಡೆ ಒಂದು ಹೂಂ ಇಟ್ಟರೆ ಸಾಕು.

ಒಂದು ಸಂಜೆ ಅವಳು ಅದೇ ದನಿಯಲ್ಲಿ, ರೊಟ್ಟಿಯಿಂದ ಕೈಯೆತ್ತದೆ, “ನಮ್ಮ ಛತ್ತಿನ ಮ್ಯಾಲ ಒಂದು ಒಂಟಿ ಬಂದು ಕುಂತೈತ್ರಿ” ಎಂದಳಂತೆ.

“ಹೂಂ” ಎಂದೆನಂತೆ.

“ಅದಕ್ಕೂ ಒಂದ ಕಪ್ಪ ಚಾ ಮಾಡ್ಲೇನ್ರಿ?”

“ಮಾಡು. ಸಕ್ರಿ ಕಡಿಮಿ ಹಾಕು.”

ಅಂತೆ ಎಂದು ಬರೆಯುತ್ತಿರುವುದಕ್ಕೆ ಕಾರಣ, ಈ ಸಂಭಾಷಣೆಯಲ್ಲಿ ನಾನು ಇರಲಿಲ್ಲ, ನನ್ನ ಬಾಯಿ ಮಾತ್ರ ಇತ್ತು. ವಿಷಯ ನನಗೆ ತಿಳಿದದ್ದು ಒಂದು ವಾರದ ನಂತರ, ತುಕ್ಕಾನಟ್ಟಿಗೆ ಕೊಟ್ಟಿರುವ ನಮ್ಮ ಮಗಳು ಸುಷ್ಮಾ ಫೋನು ಮಾಡಿದಾಗ. ಆ ಒಂದು ವಾರ ಮನೆಯಲ್ಲಿ ಏನೋ ಸಮಾಧಾನ ನೆಲೆಸಿದೆ ಎಂದು ನಾನು ಸಂತೋಷವಾಗಿದ್ದೆ. ಯಾರೂ ನಡುವೆ ಮಾತಾಡಿಸುತ್ತಿರಲಿಲ್ಲ, ವಿಡಿಯೋಗಳು ಸರಾಗವಾಗಿ ಸಾಗುತ್ತಿದ್ದವು. ಊಟಕ್ಕೆ ಬರ್ರಿ, ಗ್ಯಾಸ್ ಮುಗದೈತಿ, ಬಾಗಿಲ ಹಾಕ್ಕೋರಿ, ಇಷ್ಟೇ ಮಾತು. ಸುಷ್ಮಾ ನೇರವಾಗಿ ವಿಷಯಕ್ಕೆ ಬಂದಳು.

“ಅಪ್ಪಾ, ಅವ್ವ ದಿನಾ ಮೂರ ಸರ್ತಿ ಫೋನ್ ಮಾಡಾಕತ್ತಾಳ. ನಿಮ್ಮ ಓಣಿ ಸುದ್ದಿ ಎಲ್ಲಾ ನನಗ ಬಾಯಿಪಾಠ ಆಗೈತಿ. ನನಗ ಎಮ್ಮಿ ಹಿಂಡೂದ ಐತಿ, ಹೊಲಕ್ಕ ಬುತ್ತಿ ಕಳಸೂದ ಐತಿ. ನಿನ್ನ ಪಾಲಿನ ಮಾತ ನೀ ಕೇಳಬೇಕಪಾ. ಒಂಟಿಗೆ ಚಾ ಕುಡಸ್ತಿ ಅಂತಲ್ಲ, ಅವ್ವನ ಮಾತ ಕೇಳಾಕ ಏನಾಗೈತಿ?”

ಒಂಟೆಯ ಕಥೆ ಕೇಳಿ ನನಗೆ ಮೊದಲು ನಗು ಬಂತು. ಆಮೇಲೆ ನಗು ನಿಂತಿತು. ಅಡಿಗೆಮನೆಯ ಕಡೆ ನೋಡಿದೆ. ಕಸ್ತೂರಿ ಬೆನ್ನು ಹಾಕಿ ರೊಟ್ಟಿ ಬಡಿಯುತ್ತಿದ್ದಳು. ಏಟುಗಳು ಒಂದೇ ಸಮನಾಗಿ ಬೀಳುತ್ತಿದ್ದವು, ಅವುಗಳಲ್ಲಿ ಯಾರ ಜಗಳವೂ ಇರಲಿಲ್ಲ. ಇಷ್ಟು ವರ್ಷ ನನ್ನದು ಎಂದುಕೊಂಡಿದ್ದ ಒಂದು ಸೊತ್ತು ನನಗೆ ತಿಳಿಯದಂತೆ ತುಕ್ಕಾನಟ್ಟಿಗೆ ಸಾಗಿಹೋಗಿತ್ತು. ನನಗೆ ನಿಜಕ್ಕೂ ದುಃಖವಾಯಿತು. ಸ್ಟೂಲಿನ ಮೇಲೆ ಹೋಗಿ ಕೂತು, “ಮತ್ತೇನ ಸುದ್ದಿ?” ಎಂದು ಕೇಳಿದೆ. “ಏನೂ ಇಲ್ರಿ” ಎಂದಳು. ಇಪ್ಪತ್ತೇಳು ವರ್ಷದಲ್ಲಿ ಅವಳ ಬಾಯಿಂದ ಆ ಉತ್ತರ ಕೇಳಿದ್ದು ಅದೇ ಮೊದಲು.

ನಾಲ್ಕು ದಿನ ನಾನು ತಪ್ಪೊಪ್ಪಿಕೊಂಡು ಹಿಂದೆ ಮುಂದೆ ಓಡಾಡಿದ ಮೇಲೆ ಅವಳೇ ಒಂದು ಷರತ್ತು ಹಾಕಿದಳು. ಅವಳ ತವರು ದಡ್ಡಿ, ಹುಕ್ಕೇರಿ ತಾಲೂಕಿನದು. ಅಲ್ಲಿ ಅವಳ ತಮ್ಮನ ಮಗಳು ವಿದ್ಯಾಳಿಗೆ ಏಳನೆಯ ತಿಂಗಳ ಕುಬಸ ಇತ್ತು. ಬಸುರಿಯನ್ನು ಕೂರಿಸಿ ಹಸಿರು ಬಳೆ ತೊಡಿಸಿ, ಸೀರೆ ಕುಬಸ ಕೊಟ್ಟು, ಬಂದ ಜೋಡಿಗಳಿಂದೆಲ್ಲ ಒಡಪು ಹೇಳಿಸುವುದು ಆ ಮನೆಯ ರೂಢಿ. ನಮ್ಮ ವಯಸ್ಸಿನವರಲ್ಲಿ ಗಂಡ ಹೆಂಡತಿ ಒಬ್ಬರ ಹೆಸರನ್ನೊಬ್ಬರು ಬಾಯಿಬಿಟ್ಟು ಕರೆಯುವುದಿಲ್ಲ. ನಾನು ಅವಳನ್ನು “ಕೇಳಿಲ್ಲಿ” ಎಂದೇ ಕರೆಯುತ್ತ ಬಂದಿದ್ದೇನೆ, ಕೇಳದೆ ಇದ್ದವನು ನಾನಾದರೂ. ಆ ಹೆಸರನ್ನು ಪ್ರಾಸದ ಸಾಲುಗಳ ಕೊನೆಗೆ ಕಟ್ಟಿ ಎಲ್ಲರೆದುರು ಒಮ್ಮೆ ಹೇಳುವುದೇ ಒಡಪು. ನಮ್ಮ ಮದುವೆಯಲ್ಲಿ ಹೊಸ್ತಿಲ ಮೇಲೆ ಅಡ್ಡಗಟ್ಟಿದ ಹುಡುಗಿಯರೆದುರು ನಾನು ಹನ್ನೆರಡು ಸಾಲಿನ ಒಡಪನ್ನು ಒಂದೇ ಉಸಿರಿಗೆ ಹೇಳಿದ್ದೆ. ಕಸ್ತೂರಿಯ ದೊಡ್ಡವ್ವ ಸಾವಕ್ಕ ಅದನ್ನು ಕೇಳಿ, “ಅಳಿಯಾ ಗಟ್ಟ್ಯಾ ಅದಾನ” ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದಳು. ಆ ಮಾತಿನ ಬಲದ ಮೇಲೆ ನಾನು ಆ ಮನೆಯಲ್ಲಿ ಇಪ್ಪತ್ತೇಳು ವರ್ಷ ಎರಡೆರಡು ಹೋಳಿಗೆ ಹೆಚ್ಚಿಗೆ ತಿಂದಿದ್ದೇನೆ.

“ನಿಮ್ಮನ್ನೂ ಎಬ್ಬಸ್ತಾರ” ಎಂದಳು ಕಸ್ತೂರಿ. “ದೊಡ್ಡವ್ವ ಬಿಡಾಕಿ ಅಲ್ಲ. ಹನ್ನೆರಡ ಬ್ಯಾಡ, ನಾಕ ಸಾಲು ಕಲೀರಿ. ಮೊಬೈಲ್ ನೋಡಬಾರದು, ಚೀಟಿ ನೋಡಬಾರದು. ನಾಕ ಸಾಲಿನಷ್ಟ ಹೊತ್ತು ನಾ ನಿಮ್ಮ ತಲಿಯಾಗ ನಿಂತ್ರ ಸಾಕು. ಆಮ್ಯಾಲ ಮಾತಾಡೂಣು.”

“ನಿಲ್ಲದಿದ್ರ?”

“ಸುಷ್ಮಾ ಅದಾಳಲ್ಲ, ಅಕಿ ಕೂಡ ಮಾತಾಡತೇನಿ.”

ನಾಲ್ಕೇ ಸಾಲು. ನಾನು ಒಳಗೊಳಗೇ ನಕ್ಕೆ. ಮರುದಿನ ಮೂಡಲಗಿಯಲ್ಲಿ ಕಚೇರಿ ಬಿಟ್ಟವನೇ ರಾಜೇಸಾಬನ ಅಂಗಡಿಗೆ ಹೋದೆ. ರಾಜೇಸಾಬ ನನ್ನ ಸಾಲೆಯ ಗೆಳೆಯ, ಈಗ ಬಸ್‌ಸ್ಟ್ಯಾಂಡಿನ ಬಾಜೂಕೆ ಟೇಲರ್. ಅವನ ಅಜ್ಜ, ಅಪ್ಪ ಇಬ್ಬರೂ ಅದೇ ಜಾಗದಲ್ಲಿ ಹೊಲಿದವರು. ಒಡಪು ಕಟ್ಟುವುದರಲ್ಲಿ ಸುತ್ತಿನ ಊರುಗಳಲ್ಲಿ ಅವನ ಸಮ ಯಾರಿಲ್ಲ. ಮಸಗುಪ್ಪಿಯಿಂದ ಮದುವೆಯ ಅಂಗಿ ಹೊಲಿಸಲು ಬಂದವರು ಅಂಗಿಯ ಜೊತೆಗೆ ಒಡಪನ್ನೂ ಒಯ್ಯುತ್ತಾರೆ, ಅದಕ್ಕೆ ಬೇರೆ ಮಜೂರಿ ಇಲ್ಲ. ಕುಬಸಕ್ಕೆ ನನಗೂ ಒಂದು ಹೊಸ ಅಂಗಿ ಇರಲೆಂದು ಬಟ್ಟೆ ಕೊಟ್ಟೆ. ಅವನು ಅಳತೆ ಪಟ್ಟಿ ಕೊರಳಿಂದ ತೆಗೆದು ನನ್ನ ಹಿಂದೆ ನಿಂತ.

“ನಿನಗ ಗೊತ್ತೈತೇನ ದೋಸ್ತ” ಎಂದ, “ಮೊಬೈಲ್ ಬಂದ ಮ್ಯಾಲ ಮಂದಿ ಬೆನ್ನ ಉದ್ದ ಆಗ್ಯಾವ. ಮೊದಲ ಹೆಗಲಿನ ಅಳತಿ ತಗೊಳ್ಳುಮುಂದ ಎದುರಿನ ಗ್ವಾಡಿ ನೋಡತಿದ್ರು. ಈಗ ಅಂಗೈ ನೋಡತಾರ. ಕುತಗಿ ಬಗ್ಗಿದ್ರ ಬೆನ್ನ ಎರಡ ಬೆರಳ ಹೆಚ್ಚ ಬರತೈತಿ. ಅಂಗಿ ಒಯ್ದವರು ತಿರಗಿ ಬಂದು, ಮಾಸ್ತರ, ಕಾಲರ್ ಹಿಂದ ಎದ್ದ ನಿಂತೈತಿ ಅಂತಾರ. ಕಾಲರ್ ಎದ್ದಿಲ್ಲಪಾ, ನೀ ಬಗ್ಗಿದ್ದಿ ಅಂತೇನಿ.”

ನಾನು ಜೋರಾಗಿ ನಕ್ಕೆ. ಅವನು ನಗಲಿಲ್ಲ. ಯಾಕೆಂದು ತಿರುಗಿ ನೋಡುವಾಗ ನನ್ನ ಅಂಗೈಯಲ್ಲಿ ಫೋನು ಇರುವುದು ನನಗೇ ಕಂಡಿತು. ಯಾವಾಗ ತೆಗೆದೆನೋ ದೇವರಾಣೆ ನೆನಪಿಲ್ಲ. ರಾಜೇಸಾಬ ಅದನ್ನು ಮೆಲ್ಲಗೆ ನನ್ನ ಕೈಯಿಂದ ತೆಗೆದು, ಬಣ್ಣದ ಸುಣ್ಣದಬಳಪ, ಗುಂಡಿಗಳು ಇರುವ ಖಾನೆಯೊಳಗೆ ಹಾಕಿ ಮುಚ್ಚಿದ. ನನ್ನ ಸಂಸಾರದ ಸಂಕಟವನ್ನೆಲ್ಲ ಕೇಳಿಸಿಕೊಂಡ. ನಡುವೆ ಒಂದು ಮಾತೂ ಆಡಲಿಲ್ಲ. ಕೇಳುವುದು ಎಂದರೆ ಹೀಗಿರುತ್ತದೆ ಎಂದು ನನಗೆ ಹೊಟ್ಟೆಕಿಚ್ಚಾಯಿತು. ಆಮೇಲೆ ಅಂಗಿಯ ಬಟ್ಟೆಯ ತುದಿಯನ್ನು ನೇವರಿಸುತ್ತ ಅಲ್ಲೇ ಕಟ್ಟಿದ.

“ಹೊಲದಾಗ ತೂಗತೈತಿ ಹಾಲ್ದೆನಿ ಜ್ವಾಳ,
ಹಂಚಿನ ಮ್ಯಾಲ ರೊಟ್ಟಿ, ಕೈಬಳಿ ತಾಳ,
ಇಪ್ಪತ್ತೇಳ ವರ್ಷ ಕೂಡಿ ಹೂಡೇವ್ರಿ ಬಾಳ,
ಕಸ್ತೂರಿ ಇಲ್ಲದ ಮನಿ ಅಂದ್ರ ಬರೇ ಹಾಳ.”

ಕೇಳಿದ ಕೂಡಲೇ ಬಾಯಿಗೆ ಬಂತು. ಬಸ್ಸು ಹತ್ತಿ ಕಿಟಕಿಯ ಬಳಿ ಕೂತು ಮೊದಲ ಎರಡು ಸಾಲು ಗುನುಗಿದೆ. ಮೂರನೆಯ ಸಾಲಿನಲ್ಲಿ ‘ಕೂಡಿ ಹೂಡೇವ್ರಿ’ಯೋ ‘ಜೋಡಿ ಹೂಡೇವ್ರಿ’ಯೋ ಎಂದು ಸಣ್ಣ ಅನುಮಾನ. ಫೋನಿನಲ್ಲಿ ಬರೆದಿಟ್ಟಿದ್ದೆ, ಒಂದು ಸಲ ನೋಡಿಬಿಡೋಣ ಎಂದು ತೆಗೆದೆ. ತೆಗೆದದ್ದಷ್ಟೇ ಗೊತ್ತು. ಯಾವುದೋ ದೇಶದ ಮನುಷ್ಯನೊಬ್ಬ ಮಣ್ಣಿನಲ್ಲಿ ಸಿಕ್ಕ ತುಕ್ಕು ಹಿಡಿದ ಕೊಡಲಿಯನ್ನು ಉಜ್ಜುತ್ತಿದ್ದ. ಉಜ್ಜಿದ, ತೊಳೆದ, ಮತ್ತೆ ಉಜ್ಜಿದ, ಹೊಸ ಕಾವು ಕೂರಿಸಿದ, ಎಣ್ಣೆ ಸವರಿದ. ನಮ್ಮ ಮನೆಯ ಈಳಿಗೆ ತುಕ್ಕು ಹಿಡಿದಿದೆ ಎಂದು ಕಸ್ತೂರಿ ದೀಪಾವಳಿಯಿಂದ ಹೇಳುತ್ತಿದ್ದಳು, ಅದರ ಕಡೆ ಕಣ್ಣೆತ್ತಿ ನೋಡದವನು ಈ ಕೊಡಲಿಗಾಗಿ ಉಸಿರು ಬಿಗಿಹಿಡಿದು ಕೂತಿದ್ದೆ. ಕೊಡಲಿ ಫಳಫಳ ಹೊಳೆಯುವಾಗ ಬಸ್ಸು ಗೋಕಾಕ ಮುಟ್ಟಿತ್ತು. ಮೂರನೆಯ ಸಾಲು ಹೋಗಿಬಿಟ್ಟಿತ್ತು.

ಮುಂದಿನ ಎಂಟು ದಿನ ನನ್ನ ಬದುಕು ಆ ಒಂದು ಸಾಲಿನ ಹಿಂದೆ ಅಲೆಯಿತು. ಬಚ್ಚಲಲ್ಲಿ ನೀರು ಹಾಕಿಕೊಳ್ಳುತ್ತ ಹೇಳಿಕೊಂಡೆ. ಬಚ್ಚಲಿಗೆ ಫೋನು ಒಯ್ಯುವುದಿಲ್ಲವಾದ್ದರಿಂದ ಅಲ್ಲಿ ನಾಲ್ಕೂ ಸಾಲು ಸರಿಯಾಗಿ ಬರುತ್ತಿದ್ದವು. ಹೊರಗೆ ಬಂದು ಫೋನು ಕಂಡ ಕೂಡಲೇ ಮೂರು ಸಾಲಾಗುತ್ತಿದ್ದವು. ಕಚೇರಿಯಲ್ಲಿ ಒಂದು ಟಿಪ್ಪಣಿಯ ನಡುವೆ ‘ಹಂಚಿನ ಮ್ಯಾಲ ರೊಟ್ಟಿ’ ಎಂದು ಬರೆದುಬಿಟ್ಟೆ, ಸಾಹೇಬರು ಅದರ ಕೆಳಗೆ ಗೆರೆ ಎಳೆದು ‘ಸ್ಪಷ್ಟಪಡಿಸಿ’ ಎಂದು ಷರಾ ಬರೆದು ಕಳಿಸಿದರು. ಕೊನೆಗೆ ಮತ್ತೆ ರಾಜೇಸಾಬನ ಬಳಿಗೇ ಹೋದೆ. ನನ್ನ ಅಂಗಿ ಮುಗಿದಿತ್ತು, ಗುಂಡಿ ಹಚ್ಚುವುದು ಬಾಕಿ. ಅವನು ನನ್ನ ಫೋನನ್ನು ಕೇಳದೆಯೇ ಖಾನೆಗೆ ಹಾಕಿ, ಸೂಜಿ ದಾರ ನನ್ನ ಕೈಗೆ ಕೊಟ್ಟ.

“ಗುಂಡಿಗೆ ತೂತ ಎಷ್ಟ?”

“ನಾಕ.”

“ಒಂದೊಂದ ತೂತಿಗೆ ಒಂದೊಂದ ಸಾಲ. ಸೂಜಿ ಮ್ಯಾಲ ಬಂದಾಗ ಸಾಲ ಮುಗೀಬೇಕ. ನಮ್ಮಪ್ಪ ನನಗ ಹಿಂಗ ಕಲಿಸ್ಯಾನ.”

ಮೊದಲ ತೂತಿನಲ್ಲಿ ಜೋಳ ಬಂತು, ಎರಡನೆಯದರಲ್ಲಿ ಬಳೆಯ ತಾಳ ಬಂತು. ಮೂರನೆಯದರಲ್ಲಿ ಸೂಜಿ ಇಳಿಸುತ್ತಿರುವಾಗ ಖಾನೆಯೊಳಗೆ ಫೋನು ಗುರ್ ಎಂದಿತು. ಸೂಜಿ ಬೆರಳಿಗೆ ಇಳಿಯಿತು. ಮತ್ತೆ ಶುರು ಮಾಡಿದೆ, ಮತ್ತೆ ಗುರ್ ಎಂದಿತು. ಏಳು ಗುಂಡಿ ಹಚ್ಚುವಷ್ಟರಲ್ಲಿ ಕತ್ತಲಾಯಿತು. ಏಳೂ ಗುಂಡಿಗಳಲ್ಲಿ ಮೂರನೆಯ ತೂತಿನ ಬಳಿ ದಾರ ಗಂಟಾಗಿತ್ತು. ರಾಜೇಸಾಬ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ ತಲೆಯಾಡಿಸಿದ. ಅಂಗಿ ಹಾಕಿಕೊಂಡು ನೋಡಿದರೆ ನೆಟ್ಟಗೆ ನಿಂತಾಗ ಕಾಲರು ಹಿಂದೆ ಎದ್ದು ನಿಲ್ಲುತ್ತಿತ್ತು. “ಇದೇನೋ?” ಎಂದೆ. “ನೀ ಹೆಂಗಿದ್ರೂ ಬಗ್ಗೇ ಇರಾಂವ ಅಂತ ಹಂಗ ಹೊಲದೇನಿ” ಎಂದ. ಅವನ ದನಿಯಲ್ಲಿ ಚೇಷ್ಟೆ ಇತ್ತೋ ಕನಿಕರ ಇತ್ತೋ ಹೇಳಲಾರೆ.

ಕುಬಸದ ದಿನ ದಡ್ಡಿಯಲ್ಲಿ ಮನೆಯ ಮುಂದೆ ಚಪ್ಪರ ಹಾಕಿದ್ದರು. ನದಿಯ ಕಡೆಯಿಂದ ತಣ್ಣಗಿನ ಗಾಳಿ ಬರುತ್ತಿತ್ತು. ವಿದ್ಯಾ ಮೊಣಕೈತನಕ ಹಸಿರು ಬಳೆ ತೊಟ್ಟು, ಗಂಡನ ಪಕ್ಕದಲ್ಲಿ ನಾಚಿ ಕೂತಿದ್ದಳು. ಹಾಡು ಮುಗಿದು ಒಡಪು ಶುರುವಾದವು. ಹೊಸ ಜೋಡಿಗಳೆಲ್ಲ ಫೋನು ನೋಡಿ ಓದಿದರು. ಯಾರೂ ಏನೂ ಅನ್ನಲಿಲ್ಲ. ಈ ರಿಯಾಯಿತಿ ಎಲ್ಲರಿಗೂ ಇದ್ದು ನನಗೊಬ್ಬನಿಗೇ ಇಲ್ಲವಲ್ಲ ಎಂದು ಕಸ್ತೂರಿಯ ಕಡೆ ನೋಡಿದೆ. ಅವಳು ಆ ಕಡೆ ಮುಖ ಮಾಡಿ ಅಡಕೆ ಕತ್ತರಿಸುತ್ತಿದ್ದಳು. ಎಂಬತ್ತು ದಾಟಿದ ಸಾವಕ್ಕ ದೊಡ್ಡವ್ವ ಕೋಲಿನಿಂದ ನನ್ನತ್ತ ತೋರಿಸಿದಳು.

“ನಮ್ಮ ಗಟ್ಟ್ಯಾ ಅಳಿಯಾನ್ನ ಎಬ್ಬಸ್ರಿ. ಈಂವ ನೋಡದ ಹೇಳತಾನ. ಕೇಳ್ರಿ ಎಲ್ಲಾರೂ.”

ನಾನು ಎದ್ದು ನಿಂತೆ. ಕೂಡಲೇ ಚಪ್ಪರದ ತುಂಬ ಫೋನುಗಳು ಎದ್ದವು, ಮುಖಗಳೆಲ್ಲ ಅವುಗಳ ಹಿಂದೆ ಹೋದವು. ಇಷ್ಟು ಮಂದಿ ಇದ್ದರೂ ನನ್ನನ್ನು ನೋಡುವವರು ಯಾರೂ ಇರಲಿಲ್ಲ. ನನ್ನ ಚಿತ್ರ ಸರಿಯಾಗಿ ಬರುತ್ತಿದೆಯೇ ಎಂದು ನೋಡುವವರೇ ಎಲ್ಲ. ಅಡಿಗೆಮನೆಯ ಬಾಗಿಲಲ್ಲಿ ನಾನು ಎಷ್ಟು ಸಂಜೆಗಳಿಂದ ಹೀಗೆ ಕೂತಿದ್ದೆನೋ ಅದು ಎದುರಿನಿಂದ ಹೇಗೆ ಕಾಣುತ್ತದೆ ಎಂದು ಆಗ ಗೊತ್ತಾಯಿತು. ಗಂಟಲು ಸರಿಮಾಡಿಕೊಂಡು ಹೊಲದಾಗ ತೂಗತೈತಿ ಎಂದೆ, ಜೋಳ ಬಂತು. ಹಂಚಿನ ಮ್ಯಾಲ ರೊಟ್ಟಿ ಎಂದೆ, ತಾಳ ಬಂತು. ಮೂರನೆಯದಕ್ಕೆ ಬಾಯಿ ತೆರೆದೆ. ಕೊಡಲಿ ಬಂತು. ತುಕ್ಕೆಲ್ಲ ಹೋಗಿ, ಎಣ್ಣೆ ಸವರಿದ, ಹೊಸ ಕಾವಿನ ಕೊಡಲಿ, ಅದರ ಹಿಂದೆ ಮುಂದೆ ಬೇರೆ ಏನೂ ಇಲ್ಲ.

“ಮೂರನೇದ್ದ ಎಲ್ಲಿ ಹೋತು? ನಾ ಎಣಸಾಕತ್ತೇನಿ” ಎಂದಳು ದೊಡ್ಡವ್ವ.

“ಮರ್ತೇನ್ರಿ ದೊಡ್ಡವ್ವ.”

ಚಪ್ಪರ ನಕ್ಕಿತು. ಯಾವ ಫೋನೂ ಕೆಳಗಿಳಿಯಲಿಲ್ಲ. ನನ್ನ ಕೈ ತಾನಾಗಿ ಜೇಬಿನ ಕಡೆ ಹೊರಟಿತ್ತು, ಅದನ್ನು ಅರ್ಧದಲ್ಲೇ ತಡೆದು ಅಂಗಿಯ ಗುಂಡಿ ಹಿಡಿದುಕೊಂಡೆ. ಇನ್ನು ಈ ಜನ್ಮದ ಮಾತೆಲ್ಲ ತುಕ್ಕಾನಟ್ಟಿಗೇ ಎಂದುಕೊಂಡು, ಕೊನೆಗೆ ಒಂದು ಸಲ ಕಸ್ತೂರಿಯ ಮುಖ ನೋಡಿದೆ. ಅವಳು ಅಡಕೆಯನ್ನು ಬದಿಗಿಟ್ಟು ನನ್ನನ್ನೇ ನೋಡುತ್ತಿದ್ದಳು. ಅವಳ ತುಟಿ ಅಲುಗುತ್ತಿತ್ತು. ಬೈಯುತ್ತಿದ್ದಾಳೆ ಎಂದುಕೊಂಡೆ. ಬೈಗುಳ ಇಷ್ಟು ನಿಧಾನವಾಗಿ ಇರುವುದಿಲ್ಲ. ಅವಳು ಸದ್ದಿಲ್ಲದೆ ಏನೋ ಹೇಳುತ್ತಿದ್ದಳು, ಮುಗಿಸಿ ಮತ್ತೆ ಮೊದಲಿನಿಂದ ಹೇಳುತ್ತಿದ್ದಳು. ನಾನು ಕಣ್ಣು ಕಿರಿದು ಮಾಡಿ ಆ ತುಟಿಗಳನ್ನೇ ನೋಡಿದೆ. ಅವಳ ಬಾಯಿಯನ್ನು ಇಷ್ಟು ಹೊತ್ತು ನೋಡಿ ಎಷ್ಟು ವರ್ಷವಾಗಿತ್ತೋ. ಮೂರನೆಯ ಸಲಕ್ಕೆ ನನಗೆ ತಿಳಿಯಿತು.

“ಇಪ್ಪತ್ತೇಳ ವರ್ಷ” ಎಂದೆ. ಅವಳು ತಲೆಯಾಡಿಸಿದಳು. “ಕೂಡಿ” ಎಂದೆ, “ಹೂಡೇವ್ರಿ ಬಾಳ.”

ನಾಲ್ಕನೆಯದಕ್ಕೆ ಯಾರ ಸಹಾಯವೂ ಬೇಕಾಗಲಿಲ್ಲ. ಕಸ್ತೂರಿ ಎಂಬ ಹೆಸರನ್ನು ಎಷ್ಟೋ ವರ್ಷಗಳ ಮೇಲೆ ಬಾಯಿತುಂಬ ಹೇಳಿದೆ.  ಹೇಳಿ ಒಮ್ಮೆ ಕೆಮ್ಮಿದೆ.

ದೊಡ್ಡವ್ವ ಬಿಡಲಿಲ್ಲ. “ಇದು ಕಾಪಿ ಹೊಡದದ್ದು. ನಾ ನೋಡೇನಿ. ಕಸ್ತೂರಿ ಹೇಳಿಕೊಟ್ಟಾಳ. ನಿನಗ ಹೆಂಗ ಗೊತ್ತ ಆತವಾ ಇವನ ಒಡಪು?”

“ಎಂಟ ದಿನಾ ಬಚ್ಚಲದಾಗಿಂದ ಕೇಳೇನಿ ದೊಡ್ಡವ್ವ” ಎಂದಳು ಕಸ್ತೂರಿ. “ಮೈಮ್ಯಾಲ ನೀರ ಹಾಕ್ಕೊಂಡದ್ದು ಕಡಿಮಿ, ಒಡಪು ಹೇಳಿದ್ದ ಭಾಳ. ಅವರು ಕೇಳೂದಿಲ್ಲಂತ ನಾನೂ ಕೇಳೂದ ಬಿಡಾಕ ಆಕ್ಕೈತೇನು?”

ಎಲ್ಲರೂ ನಕ್ಕರು. ಅವಳೂ ನಕ್ಕಳು. ನಾನು ಕೂತುಕೊಂಡು ನೆಲ ನೋಡಿದೆ. ನನಗೆ ಅಷ್ಟು ನಾಚಿಕೆ, ಅಷ್ಟೇ ಸಂತೋಷ ಒಟ್ಟಿಗೆ ಆದದ್ದು ನಮ್ಮ ಮದುವೆಯ ದಿನ ಬಿಟ್ಟರೆ ಅಂದೇ.

ಊಟ ಮುಗಿಸಿ, ಹೋಳಿಗೆ ಕಟ್ಟಿಸಿಕೊಂಡು ದಡ್ಡಿಯಲ್ಲಿ ಹುಕ್ಕೇರಿಯ ಬಸ್ಸು ಹತ್ತಿದೆವು. ಅವಳು ಕಿಟಕಿಯ ಬಳಿ ಕೂತಳು. ಬಸ್ಸು ಊರು ದಾಟಿತು. ನಾನೇ ಮೆತ್ತಗೆ ಕೇಳಿದೆ, “ಪಾಸೋ, ಫೇಲೋ?”

“ಫೇಲ. ಖರೆ ಗ್ರೇಸ್ ಮಾರ್ಕ್ಸ ಹಾಕೇನಿ” ಎಂದಳು. ಆಮೇಲೆ ಶುರು ಮಾಡಿದಳು.

ಎಷ್ಟೋ ದಿನಗಳಿಂದ ಕಟ್ಟೆ ಕಟ್ಟಿ ನಿಲ್ಲಿಸಿದ ನೀರು ಬಿಟ್ಟಂತಾಯಿತು. ನಮ್ಮ ಎದುರು ಮನೆಯ ಸೊಸೆ ತವರಿಗೆ ಹೋದದ್ದು, ಅವಳ ಅತ್ತೆ ಅದನ್ನು ಊರಿಗೆಲ್ಲ ಬೇರೆ ರೀತಿ ಹೇಳಿದ್ದು, ಹಿಂದಿನ ಓಣಿಯ ಮೂಲೆ ಮನೆಯವರು ಎರಡು ತಿಂಗಳ ಹಿಂದೆಯೇ ಮನೆ ಬಿಟ್ಟು ಹೋದದ್ದು. ಅವರು ಹೋದರೇ ಎಂದು ನಾನು ಬಾಯಿ ತೆರೆದೆ. ದಿನಾ ಅದೇ ದಾರಿಯಲ್ಲಿ ಬಸ್‌ಸ್ಟ್ಯಾಂಡಿಗೆ ನಡೆಯುತ್ತೇನೆ. ಆಮೇಲೆ, ರೊಟ್ಟಿಯ ಲೆಕ್ಕ ಹೇಳುವಷ್ಟೇ ಸಲೀಸಾಗಿ, ತನ್ನ ಬಲ ಮೊಣಕಾಲು ದಸರೆಯಿಂದ ನೋಯುತ್ತಿದೆ ಎಂದಳು. ಪಕ್ಕದ ಮನೆಯಾಕೆಯ ಜೊತೆ ಹೋಗಿ ಡಾಕ್ಟರಿಗೆ ತೋರಿಸಿ ಬಂದಿದ್ದಳಂತೆ.

“ನನಗ ಹೇಳಲಿಲ್ಲಲ್ಲ” ಎಂದೆ.

“ಹೇಳೇನಿ. ನೀವು ಹೂಂ ಅಂದ್ರಿ” ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಅವಳ ತೊಡೆಯ ಮೇಲಿದ್ದ ಹೋಳಿಗೆಯ ಚೀಲವನ್ನು ತೆಗೆದು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ಡಾಕ್ಟರು ಏನೆಂದರು, ಎಷ್ಟು ಗುಳಿಗೆ, ಯಾವಾಗ ಹೆಚ್ಚು ನೋವು, ಮೆಟ್ಟಿಲು ಹತ್ತುವಾಗಲೋ ಇಳಿಯುವಾಗಲೋ ಎಂದು ಒಂದೊಂದೇ ಕೇಳಿದೆ. ಅವಳು ಹೇಳಿದಳು. ಹುಕ್ಕೇರಿ ಬಂದದ್ದು ಗೊತ್ತೇ ಆಗಲಿಲ್ಲ.

ಹುಕ್ಕೇರಿಯ ಸ್ಟ್ಯಾಂಡಿನಲ್ಲಿ ಗೋಕಾಕದ ಬಸ್ಸಿಗಾಗಿ ಬೆಂಚಿನ ಮೇಲೆ ಕೂತೆವು. ಅವಳು ಮೊಣಕಾಲಿನಿಂದ ಡಾಕ್ಟರ ಹೆಂಡತಿಗೆ, ಅಲ್ಲಿಂದ ಆ ಹೆಂಡತಿಯ ತವರಿಗೆ ಹೋಗಿದ್ದಳು. ಆ ತವರಿನಲ್ಲಿ ಎರಡು ಮನೆಯವರ ನಡುವೆ ಒಂದು ಬೇವಿನ ಮರದ ವ್ಯಾಜ್ಯ. ಎರಡೂ ಕಡೆಯ ದನಿಯನ್ನು ಅವಳೇ ತೆಗೆಯುತ್ತಿದ್ದಳು. ಮರ ಯಾರ ಪಾಲಿಗೆ ಹೋಗುತ್ತದೆ ಎಂದು ನಾನು ಮುಂದಕ್ಕೆ ಬಾಗಿ ಕೇಳುತ್ತಿದ್ದೆ. ಮರ ಇಬ್ಬರಿಗೂ ದಕ್ಕದೆ ಗಾಳಿಗೆ ಬಿದ್ದಿತು ಎನ್ನುವಲ್ಲಿ ನಾವಿಬ್ಬರೂ ನಕ್ಕು ತಲೆಯೆತ್ತಿದೆವು. ಎದುರಿನಲ್ಲಿ ಒಂದು ಬಸ್ಸು ಸ್ಟ್ಯಾಂಡಿನಿಂದ ಹೊರಗೆ ತಿರುಗುತ್ತಿತ್ತು. ಅದರ ಹಿಂದಿನ ಹಲಗೆಯ ಮೇಲೆ ಗೋಕಾಕ ಎಂದು ಬರೆದಿತ್ತು. ಅದು ಬಂದು ನಿಂತು, ಕಂಡಕ್ಟರು ಹತ್ತು ಸಲ ಊರಿನ ಹೆಸರು ಕೂಗಿ, ಮಂದಿಯನ್ನು ತುಂಬಿಕೊಂಡು ಹೊರಟಿತ್ತು. ನಮಗಿಬ್ಬರಿಗೂ ಕೇಳಿಸಿರಲಿಲ್ಲ.

ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಎಂದು ನೋಡಲು ನನ್ನ ಕೈ ಜೇಬಿಗೆ ಹೋಯಿತು. ಕಸ್ತೂರಿ ಆ ಕೈಯನ್ನು ನೋಡಿದಳು. ನಾನು ಎದ್ದು ಹೋಗಿ ವಿಚಾರಣೆಯ ಕಿಂಡಿಯಲ್ಲಿ ಕೇಳಿಕೊಂಡು ಬಂದೆ.

“ಇನ್ನ ಒಂದ ತಾಸ ಐತಂತ” ಎಂದೆ.

“ಛಲೋ ಆತು” ಎಂದು ಅವಳು ಕಾಲು ಮೇಲಿಟ್ಟು ಕೂತಳು. “ಮಂದಿ ಸುದ್ದಿ ಮುಗೀತು. ಈಗ ನಿಮ್ಮ ವಿಷಯ ಐತಿ.”

ಬಸ್ಸು ವೇಳೆಗೆ ಸರಿಯಾಗಿ ಬರಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅದು ಅರ್ಧ ತಾಸು ತಡವಾಗಿ ಬಂತು. ಹತ್ತಿ ಕೂರುವಾಗಲೂ ಅವಳು ನನ್ನ ಮೊದಲನೆಯ ತಪ್ಪಿನಲ್ಲೇ ಇದ್ದಳು, ನಾನು ಒಂದಕ್ಷರ ಬಿಡದೆ ಕೇಳುತ್ತಿದ್ದೆ.